ನಿಲ್ಲಿಸಲು ಬರುವ ಪಾಠ

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದ ಸುತ್ತಲಿನ ಎರೆಹೊಲಗಳಲ್ಲಿ ತೊಗರಿ ಹೂಬಿಟ್ಟಿದ್ದ ದಿನಗಳವು. ಅಲ್ಲಿಯ ಒಂದು ಶಾಲೆಯ ಐದನೆಯ ತರಗತಿಯಲ್ಲಿ ಹಿಂದಿನ ಸಾಲಿನ ಮಕ್ಕಳೊಡನೆ ಕುಳಿತು ಪಾಠವೊಂದನ್ನು ನೋಡುವ ಅವಕಾಶ ನನಗೆ ಒದಗಿತ್ತು. ಶಿಕ್ಷಕಿ ತಮ್ಮ ಮೊಬೈಲನ್ನು ಗೋಡೆಯ ಟಿ.ವಿ.ಗೆ ಜೋಡಿಸಿ, ಬೀಜ ಮೊಳಕೆಯೊಡೆಯುವ ವಿಡಿಯೋ ಒಂದನ್ನು ತೋರಿಸಿದರು. ಕಾಳು ಉಬ್ಬಿತು, ಸಿಪ್ಪೆ ಬಿರಿಯಿತು, ಬಿಳಿಯ ಬೇರೊಂದು ಹುಳುವಿನಂತೆ ಹೊರಬಂದು ಕೆಳಮುಖವಾಗಿ ಬಾಗಿತು, ಎರಡು ದಳಗಳನ್ನು ಹೊತ್ತ ಕಾಂಡ ಮಣ್ಣನ್ನು ಸೀಳಿಕೊಂಡು ಮೇಲೆದ್ದಿತು. ಇದೆಲ್ಲವೂ ಒಂದು ನಿಮಿಷದೊಳಗೆ! ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಆಗ ನನ್ನ ಪಕ್ಕದಲ್ಲಿದ್ದ ಹುಡುಗ ಎದ್ದು ನಿಂತು ಕೇಳಿದ: "ಅಕ್ಕೋರ, ಇದಕ್ಕ ಯಾವ ಗೊಬ್ಬರ ಹಾಕ್ಯಾರ್ರಿ? ನಮ್ಮ ಹೊಲದಾಗ ತೊಗರಿ ಮೊಳಕಿ ಕಾಣಾಕ ಐದಾರ ದಿನ ಬೇಕ್ರಿ."

ತರಗತಿ ಗೊಳ್ಳೆಂದು ನಕ್ಕಿತು. ಶಿಕ್ಷಕಿಯೂ ನಕ್ಕು, ಕುಳಿತುಕೊಳ್ಳುವಂತೆ ಕೈಸನ್ನೆ ಮಾಡಿದರು. ವಿಡಿಯೋ ಮುಂದೆ ಓಡಿತು. ಅದು ಅಷ್ಟರಲ್ಲಾಗಲೇ ಎಲೆಗಳ ವಿಷಯಕ್ಕೆ ಬಂದಿತ್ತು. ಹುಡುಗ ಕುಳಿತ. ಆದರೆ ಅಂದು ಆ ಕೋಣೆಯಲ್ಲಿ ವಿಜ್ಞಾನಿಯಂತೆ ಯೋಚಿಸಿದವನು ಅವನೊಬ್ಬನೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ತನ್ನ ಕಣ್ಣು ಹೊಲದಲ್ಲಿ ಕಂಡದ್ದಕ್ಕೂ ಪರದೆ ತೋರಿಸಿದ್ದಕ್ಕೂ ತಾಳೆಯಾಗುತ್ತಿಲ್ಲವೆಂಬುದನ್ನು ಅವನು ಗಮನಿಸಿದ್ದ. ಅದಕ್ಕೊಂದು ಕಾರಣವನ್ನೂ ಊಹಿಸಿದ್ದ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ನಿಮಿಷ. ಅದು ಅವನಿಗೆ ಸಿಗಲಿಲ್ಲ.

ವಿಮರ್ಶೆಯೆಂದರೆ ಕಥೆ, ಕವನ, ನಾಟಕಗಳಿಗೆ ಮೀಸಲಾದದ್ದೆಂದು ನಾವು ತಿಳಿದಿದ್ದೇವೆ. ಆದರೆ ಪಾಠದ ವಿಡಿಯೋ ಕೂಡ ಒಂದು ಕೃತಿಯೇ. ಅದನ್ನು ಯಾರೋ ಬರೆದಿರುತ್ತಾರೆ, ಯಾರೋ ಓದಿರುತ್ತಾರೆ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ಯಾರೋ ತೀರ್ಮಾನಿಸಿರುತ್ತಾರೆ. ನಮ್ಮ ಮನೆಗಳ ಮಕ್ಕಳು ಇಂದು ಪುಸ್ತಕಕ್ಕಿಂತ ಹೆಚ್ಚು ಹೊತ್ತು ನೋಡುವುದು ಇಂಥ ಕೃತಿಗಳನ್ನೇ. ಹೀಗಿದ್ದೂ, ಒಂದು ಕಾದಂಬರಿಗೆ ನಾವು ಕೇಳುವ ಪ್ರಶ್ನೆಗಳನ್ನು ಇವುಗಳಿಗೆ ಕೇಳಿಲ್ಲ. 'ಆನ್‌ಲೈನ್‌ನಲ್ಲಿ ಪಾಠ ನೋಡುತ್ತಿದ್ದಾನೆ' ಎಂದು ತಾಯಿ ಹೇಳಿದರೆ ತಂದೆ ಸಮಾಧಾನಪಡುತ್ತಾನೆ. ಯಾವ ಪಾಠ, ಯಾರ ಪಾಠ, ಎಂಥ ಪಾಠ ಎಂಬ ವಿಚಾರ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಸೀಮೆಗೆ ಪರದೆಯ ಪಾಠ ಹೊಸದೇನೂ ಅಲ್ಲ. ಹಿರಿಯ ವಾಚಕರಿಗೆ ನೆನಪಿರಬಹುದು: 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ನೇರವಾಗಿ ಇಳಿದುಬಂದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಬೆಂಗಳೂರಲ್ಲ, ಮೈಸೂರಲ್ಲ; ಅಂದಿನ ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನಾ, ಅದರಡಿಯಲ್ಲಿ ಊರಿಗೆಲ್ಲ ಸೇರಿ ಒಂದೇ ಪೆಟ್ಟಿಗೆ. ಬೆಳಗಿನ ಹೊತ್ತು ಶಾಲಾ ಮಕ್ಕಳಿಗಾಗಿ ನಾಲ್ಕು ಭಾಷೆಗಳಲ್ಲಿ ಪ್ರಸಾರವಿರುತ್ತಿತ್ತು. ಕನ್ನಡದ ಪಾಲಿಗೆ ಬರುತ್ತಿದ್ದುದು ಇಪ್ಪತ್ತೆರಡೂವರೆ ನಿಮಿಷ. ಕನ್ನಡದ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಹೊಣೆ ಹೈದರಾಬಾದಿನ ಕೇಂದ್ರದ್ದಾಗಿತ್ತು. ವರ್ಷ ಮುಗಿಯಿತು, ಉಪಗ್ರಹ ಹಿಂದಿರುಗಿತು. ಒಂದು ದೊಡ್ಡ ಕನಸನ್ನು ನಮ್ಮ ಜಿಲ್ಲೆಯ ಮಕ್ಕಳು ಇಡೀ ನಾಡಿಗಿಂತ ಮೊದಲು ಕಂಡರೆಂಬುದು ನಿಜವೇ. ಆದರೆ ಆ ಪಾಠಕ್ಕೆ ಒಂದು ಕೊರತೆಯಿತ್ತು: ಅದು ಯಾರಿಗೂ ಕಾಯುತ್ತಿರಲಿಲ್ಲ. ಆಕಾಶದಿಂದ ಇಳಿದುಬರುವ ಪಾಠವನ್ನು ಶಿಕ್ಷಕನಾದವನು ಹೇಗೆ ತಡೆಯಬಲ್ಲ? ಗೊಬ್ಬರದ ಪ್ರಶ್ನೆ ಕೇಳುವ ಹುಡುಗ ಅಂದೂ ಇದ್ದಿರಲೇಬೇಕು. ಪಾಠ ಅವನನ್ನು ದಾಟಿ ಮುಂದೆ ಹೋಗಿರಲೇಬೇಕು.

ಮುಂದೆ 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕಾಗಿಯೇ 'ಎಜುಸ್ಯಾಟ್' ಉಪಗ್ರಹವನ್ನು ಹಾರಿಸಿದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು; 2010ರಲ್ಲಿ ಅದರ ಆಯುಷ್ಯವೂ ಮುಗಿಯಿತು. ಕೊರೊನಾ ಕಾಲದಲ್ಲಿ, 2020-21ರಲ್ಲಿ, ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದುದನ್ನು ನಮ್ಮ ಮನೆಗಳೆಲ್ಲ ಕಂಡಿವೆ. ಇಂಟರ್‌ನೆಟ್ ಇಲ್ಲದ ಮನೆಗೂ ಅವು ತಲುಪಿದವೆಂಬ ಉಪಕಾರವನ್ನು ಮರೆಯಬಾರದು. ಆದರೆ ಅವೂ ಕಾಯುತ್ತಿರಲಿಲ್ಲ. ಈ ಪರಂಪರೆಯಲ್ಲಿ ಕೇಳುಗ ಮಗುವಿಗಾಗಿ ತುಸು ತಡೆದು ನಿಂತದ್ದು, ಸೋಜಿಗವೆಂಬಂತೆ, ರೇಡಿಯೋ. ಆಕಾಶವಾಣಿಯ 'ಕೇಳಿ-ಕಲಿ' ಪಾಠಗಳಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿ, ಅವರು ಉತ್ತರಿಸಲೆಂದು ಒಂದಿಷ್ಟು ಬಿಡುವನ್ನು ಉಳಿಸಲಾಗುತ್ತಿತ್ತು. ಚಿತ್ರವೇ ಇಲ್ಲದ ಮಾಧ್ಯಮ ಮಗುವಿನ ಮುಖವನ್ನು ನೆನಪಿಟ್ಟುಕೊಂಡಿತ್ತು.

ಹಾಗಾದರೆ ಇಂದಿನ ಆನ್‌ಲೈನ್ ವಿಡಿಯೋದಲ್ಲಿ ನಿಜಕ್ಕೂ ಹೊಸತೇನು? ಬಣ್ಣವಲ್ಲ, ಸಂಗೀತವಲ್ಲ, ಅಸಂಖ್ಯ ಪಾಠಗಳು ಅಂಗೈಯಲ್ಲಿ ಸಿಗುವುದೂ ಅಲ್ಲ. ಅದನ್ನು ನಿಲ್ಲಿಸಬಹುದು, ಹಿಂದಕ್ಕೆ ಸರಿಸಬಹುದು, ಅರ್ಧಕ್ಕೇ ಬಿಡಬಹುದು. ಹೊಸತೇನಿದ್ದರೂ ಇದೇ ಎಂದು ನಾನು ತಿಳಿಯುತ್ತೇನೆ. ಅಮೆರಿಕದ ಸಲ್ಮಾನ್ ಖಾನ್ (ನಟನಲ್ಲ, ಖಾನ್ ಅಕಾಡೆಮಿಯ ಸ್ಥಾಪಕ) ದೂರದ ಊರಿನಲ್ಲಿದ್ದ ತನ್ನ ಚಿಕ್ಕ ಸೋದರ ಸಂಬಂಧಿಗಳಿಗೆ ಗಣಿತ ಹೇಳಿಕೊಡುತ್ತಿದ್ದವರು, 2006ರಲ್ಲಿ ಆ ಪಾಠಗಳನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರು. ಎದುರಿಗಿರುವ ನಿಮಗಿಂತ ವಿಡಿಯೋದಲ್ಲಿರುವ ನೀವೇ ಮೇಲೆಂದು ಆ ಮಕ್ಕಳು ಹೇಳಿದ್ದನ್ನು ಅವರು 2011ರ ಭಾಷಣವೊಂದರಲ್ಲಿ ನಗುತ್ತಲೇ ನೆನೆದಿದ್ದಾರೆ. ಕಾರಣ ಸರಳ: ಅರ್ಥವಾಗದಿದ್ದರೆ ಮಕ್ಕಳು ಅಣ್ಣನನ್ನು ಪೀಡಿಸದೆ, ನಾಚಿಕೆಪಡದೆ, ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಪಾಠವನ್ನು ನಿಲ್ಲಿಸುವ ಗುಂಡಿ ಮಗುವಿನ ಕೈಯಲ್ಲಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಅದು ಯಾರ ಕೈಯಲ್ಲಿದೆ? ಶಿಕ್ಷಕರ ಕೈಯಲ್ಲಿದ್ದೂ ಅವರು ಅದನ್ನು ಒತ್ತದಿದ್ದರೆ, ನಾವು ಐವತ್ತು ವರ್ಷ ಹಿಂದಿನ ಆ ಕೊಡೆಯಂಥ ಆಂಟೆನಾದಡಿಯಲ್ಲಿಯೇ ಕುಳಿತಂತಾಯಿತು.

ನಾನು ಈ ಎರಡು ವರ್ಷಗಳಲ್ಲಿ ನೋಡಿದ ಕನ್ನಡ ಪಾಠ-ವಿಡಿಯೋಗಳಲ್ಲಿ ಬಹುಪಾಲು ಕಪ್ಪುಹಲಗೆಯ ಮುಂದೆ ನಿಂತು ಪಠ್ಯಪುಸ್ತಕವನ್ನೇ ಓದುವಂಥವು. ಮಾಡಿದವರ ಶ್ರಮವನ್ನು ಹಳಿಯುವ ಮನಸ್ಸು ನನಗಿಲ್ಲ. ಎಷ್ಟೋ ಮಂದಿ ಶಿಕ್ಷಕರು ಸ್ವಂತ ಹಣದಿಂದ, ಮನೆಯವರು ಮಲಗಿದ ಮೇಲೆ ಇವನ್ನು ಚಿತ್ರೀಕರಿಸಿದ್ದಾರೆ. ಆದರೆ ತರಗತಿಯಲ್ಲಿ ಒಬ್ಬ ಶಿಕ್ಷಕಿ ಇರುವಾಗ, ಪುಸ್ತಕವನ್ನೇ ಓದಿ ಹೇಳುವ ಇನ್ನೊಬ್ಬ ಶಿಕ್ಷಕರನ್ನು ಟಿ.ವಿ.ಯಲ್ಲಿ ಕೂರಿಸುವುದರಿಂದ ಆಗುವ ಲಾಭವೇನು? ಇನ್ನು ನವೋದಯ, ಮೊರಾರ್ಜಿ, ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸುವ ವಿಡಿಯೋಗಳು. ವಿಜಯಪುರದಲ್ಲಿ ಈ ಕೋಚಿಂಗ್ ಒಂದು ದೊಡ್ಡ ಉದ್ಯಮವೇ ಆಗಿರುವುದನ್ನು ಬಲ್ಲಿರಿ. ಹತ್ತು ವರ್ಷದ ಮಗುವಿಗೆ ಅಲ್ಲಿ ಸಿಗುವುದು 'ಟ್ರಿಕ್ಸ್'. ಉತ್ತರಕ್ಕೆ ಹೋಗುವ ಅಡ್ಡದಾರಿಯನ್ನು ಕಲಿತ ಮಗು ಪ್ರಶ್ನೆಯ ಮುಖವನ್ನೇ ನೋಡುವುದಿಲ್ಲ. ಬಡ ತಂದೆತಾಯಿಯರಿಗೆ ಆ ವಸತಿ ಶಾಲೆಯ ಒಂದು ಸೀಟು ಎಷ್ಟು ದೊಡ್ಡದೆಂಬುದನ್ನು ನಾನು ಬಲ್ಲೆ. ಆದ್ದರಿಂದ ಅವರನ್ನು ದೂರುವುದಿಲ್ಲ. ಅದನ್ನು ಶಿಕ್ಷಣವೆಂದು ಕರೆಯಲಾರೆ, ಅಷ್ಟೆ.

ಒಳ್ಳೆಯ ವಿಡಿಯೋಗಳೂ ಇವೆ. ಕಡಲನ್ನೇ ಕಾಣದ ಮಗುವಿಗೆ ಉಬ್ಬರ-ಇಳಿತ, ಬರಿಗಣ್ಣಿಗೆ ಕಾಣದ ಅಮೀಬಾ, ಮಿಡಿಯುತ್ತಿರುವ ಹೃದಯ, ಉಗುಳುವ ಜ್ವಾಲಾಮುಖಿ ಇವನ್ನು ನಾಲತವಾಡದ ತರಗತಿಗೆ ತರುವ ಬೇರೆ ದಾರಿ ಯಾವುದಿದೆ? ಇಂಥಲ್ಲಿ ಪರದೆಗೆ ಸಮನಾದದ್ದು ಇನ್ನೊಂದಿಲ್ಲ. ಆದರೆ ತೊಗರಿಯ ಬೀಜ ಊರ ತುಂಬ ಇರುವಾಗ, ಹೆಸರೂ ತಿಳಿಯದ ಕಾಳನ್ನು ಪರದೆಯ ಮೇಲೆ ಮೊಳೆಸುವುದು ಬೇರೆ ಮಾತು. ನನಗೆ ತುಂಬ ಮೆಚ್ಚುಗೆಯಾದವು ಅರವಿಂದ ಗುಪ್ತರ ಆಟಿಕೆಗಳ ಕಿರುಚಿತ್ರಗಳು. ಐಐಟಿಯಲ್ಲಿ ಓದಿ, ದೊಡ್ಡ ಕಾರ್ಖಾನೆಯ ಇಂಜಿನಿಯರಾಗಿದ್ದ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಬೋಧನೆಯ ಕಾರ್ಯಕ್ರಮಕ್ಕೆ ಬಂದವರು; 2018ರಲ್ಲಿ ಪದ್ಮಶ್ರೀ ಪಡೆದವರು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್‌ಟ್ಯೂಬಿನ ತುಂಡುಗಳಿಂದ ಜೋಡಿಸಿ ಅವರು ತ್ರಿಕೋನ ಮಾಡುತ್ತಾರೆ, ಚೌಕ ಮಾಡುತ್ತಾರೆ. ಚೌಕವನ್ನು ಅದುಮಿದರೆ ಸೊಟ್ಟಗಾಗುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಇದನ್ನು ನೋಡಿದ ಮಗು ತಲೆಯೆತ್ತಿದರೆ ಪತ್ರಾಸಿನ ಛಾವಣಿಯ ಕಬ್ಬಿಣದಲ್ಲಿ ಅದೇ ತ್ರಿಕೋನ ಕಾಣುತ್ತದೆ. ಚಿತ್ರ ಎರಡೋ ಮೂರೋ ನಿಮಿಷದಲ್ಲಿ ಮುಗಿಯುತ್ತದೆ. ಅನಂತರ ಮಗುವಿನ ಕೆಲಸ ಶುರುವಾಗುತ್ತದೆ. ಪರದೆಯಿಂದ ಕಣ್ಣು ಕೀಳಿಸಿ ಕೈಗೆ ಕೆಲಸ ಕೊಡುವ ಇಂಥ ವಿಡಿಯೋಗಳು ನಮ್ಮಲ್ಲಿ ವಿರಳ.

ಭಾಷೆಯ ಮಾತನ್ನೂ ಆಡಬೇಕು. ಪರದೆಯ ಕನ್ನಡ ಬಹುಮಟ್ಟಿಗೆ ಬೆಂಗಳೂರು-ಮೈಸೂರಿನ ಗ್ರಂಥಸ್ಥ ಕನ್ನಡ. ಅಲ್ಲಿ ಬೀಜ 'ಅಂಕುರಿಸುತ್ತದೆ'. ನಾಲತವಾಡದ ಹೊಲದಲ್ಲಿ ಅದು 'ಮೊಳಕಿ ಒಡೀತೈತಿ'. ಗ್ರಂಥಭಾಷೆಯನ್ನು ಮಗು ಕಲಿಯಬಾರದೆಂದಲ್ಲ. ಈ ಲೇಖನವನ್ನೇ ನಾನು ಆ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಆದರೆ ಎರಡು ಮಾತುಗಳೂ ಒಂದೇ ವಸ್ತುವನ್ನು ಹೇಳುತ್ತವೆಂದು ಮಗುವಿಗೆ ಹೇಳುವವರು ಯಾರು? ವಿಡಿಯೋ ಹೇಳುವುದಿಲ್ಲ. ಇಟಲಿಯ ಫ್ಲಾರೆನ್ಸ್ ನಗರದ ಮೇಲಣ ಬೆಟ್ಟದಲ್ಲಿ ಬಾರ್ಬಿಯಾನಾ ಎಂಬ ಕುಗ್ರಾಮವಿದೆ. 1954ರಲ್ಲಿ ಅಲ್ಲಿಗೆ ಬಂದ ಗುರು ಲೊರೆಂಜೊ ಮಿಲಾನಿ, ಸರಕಾರಿ ಶಾಲೆಯಲ್ಲಿ ನಪಾಸಾದ ರೈತರ ಮಕ್ಕಳಿಗಾಗಿ ತಮ್ಮ ಚರ್ಚಿನ ಮನೆಯಲ್ಲೇ ಶಾಲೆ ನಡೆಸಿದರು. ಆ ಹುಡುಗರು ಒಟ್ಟಾಗಿ ಕುಳಿತು ಬರೆದ, 'ಶಿಕ್ಷಕಿಯೊಬ್ಬರಿಗೆ ಪತ್ರ' ಎಂಬ ಅರ್ಥದ ಹೆಸರಿನ ಪುಸ್ತಕ 1967ರಲ್ಲಿ ಹೊರಬಂದು ಲೋಕವನ್ನೆಲ್ಲ ಸುತ್ತಿತು. ಬಡವರ ಮಕ್ಕಳು ಶಾಲೆಯಲ್ಲಿ ಸೋಲುವುದು ಬುದ್ಧಿಯ ಕೊರತೆಯಿಂದಲ್ಲ. ಶಾಲೆಯ ಭಾಷೆ ಅವರ ಮನೆಯದಲ್ಲವೆಂಬುದರಿಂದ. ಪುಸ್ತಕದ ತಿರುಳು ಸ್ಥೂಲವಾಗಿ ಇದು. ಗುರುಮಠದಲ್ಲಿದ್ದಾಗ ನಾನು ಅದನ್ನು ಓದಿದ್ದೆ. ಪರದೆಗಳ ಈ ಕಾಲದಲ್ಲಿ ಮತ್ತೊಮ್ಮೆ ಓದಬೇಕೆನಿಸಿದೆ. ಕೇಳುವ ಮಗುವಿನ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಮಾತು ಬದಲಿಸುವುದು ಮನುಷ್ಯನಿಗೆ ಮಾತ್ರ ಸಾಧ್ಯ.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ, ಕೆಲಸದ ಒತ್ತಡದಲ್ಲಿ, ಯಾರೋ ಪರದೇಶದ ಗುರುಗಳು ಬರೆದ ಪ್ರಬೋಧನೆಯನ್ನು ಇಂಟರ್‌ನೆಟ್‌ನಿಂದ ಎತ್ತಿ, ಕನ್ನಡಕ್ಕೆ ತಿರುಗಿಸಿ ಭಾನುವಾರ ಹೇಳಿಬಿಟ್ಟೆ. ಹಿಮದಲ್ಲಿ ದಾರಿ ತಪ್ಪಿದ ಮಗುವಿನ ಕಥೆ ಅದರಲ್ಲಿತ್ತು. ಬಲಿಪೂಜೆ ಮುಗಿದ ಮೇಲೆ ಅಜ್ಜಿಯೊಬ್ಬರು ಬಂದು ಕೇಳಿದರು: "ಫಾದರ್, ಆ ಕೂಸು ಯಾವ ಊರಿಂದ್ರಿ? ಅಷ್ಟ ಥಂಡಿ ಎಲ್ಲೈತ್ರಿ?" ನನ್ನ ಬಳಿ ಉತ್ತರವಿರಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಜನರಿಗೆ ನಾನು ಹಿಮವನ್ನು ಹಂಚಿದ್ದೆ.

ಶಿಕ್ಷಕರ ಬ್ಲಾಗುಗಳನ್ನು ಓದುವಾಗಲೆಲ್ಲ ಆ ಅಜ್ಜಿ ನೆನಪಾಗುತ್ತಾರೆ. ಕನ್ನಡದಲ್ಲಿ ಇಂಥ ಬ್ಲಾಗುಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಉಗ್ರಾಣಗಳು: ಇಲಾಖೆಯ ಆದೇಶಗಳು, ಪ್ರಶ್ನೆಪತ್ರಿಕೆಗಳು, ನೋಟ್ಸುಗಳು, ಐದು ಹಂತದ ಸಿದ್ಧ ಪಾಠಯೋಜನೆಗಳು. ದಾಖಲೆ ಬರೆಯುವುದರಲ್ಲೇ ದಿನ ಕಳೆಯಬೇಕಾದ ಶಿಕ್ಷಕರಿಗೆ ಅವು ಬೇಕು, ನಿಜ. ಆದರೆ 'ನಿನ್ನೆ ನಾನು ಈ ಪಾಠ ಮಾಡಿದೆ, ಈ ಹುಡುಗ ಹೀಗೆ ಕೇಳಿದ, ನನಗೆ ಉತ್ತರ ಹೊಳೆಯಲಿಲ್ಲ' ಎಂದು ಬರೆದ ಪುಟ ಹುಡುಕಿದರೂ ಸಿಗುವುದು ಕಷ್ಟ. ಸೋಲನ್ನು ಬರೆಯದ ಶಿಕ್ಷಕನಿಂದ ಇನ್ನೊಬ್ಬ ಶಿಕ್ಷಕ ಕಲಿಯುವುದೇನನ್ನು? ಗಿಜುಭಾಯಿ ಬಧೇಕಾ ಗುಜರಾತಿಯಲ್ಲಿ ಬರೆದ 'ದಿವಾಸ್ವಪ್ನ' ಇಷ್ಟು ವರ್ಷವಾದರೂ ಜೀವಂತವಾಗಿರುವುದು, ಅದರ ಶಿಕ್ಷಕ ಮೊದಲ ದಿನವೇ ತರಗತಿಯ ಗದ್ದಲದ ಮುಂದೆ ಸೋತು ಮನೆಗೆ ಹಿಂದಿರುಗುತ್ತಾನೆಂಬುದರಿಂದ.

ನಮ್ಮ ನಾಡಿನಲ್ಲಿ ಶಿಕ್ಷಕರು ಶಿಕ್ಷಕರಿಗಾಗಿ ಬರೆಯುವುದು ಇಂಟರ್‌ನೆಟ್ ತಂದ ಪದ್ಧತಿಯಲ್ಲ. 1860ರ ದಶಕದಲ್ಲಿ, ಈ ಭಾಗ ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಯಾಗಿದ್ದಾಗಲೇ, ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ 'ಮಠಪತ್ರಿಕೆ' ಹೊರಟಿತ್ತು. ಮಠವೆಂದರೆ ಅಂದಿನ ಮಾತಿನಲ್ಲಿ ಶಾಲೆ. ಮುಂದೆ ಅದೇ 'ಶಾಲಾಪತ್ರಿಕೆ'ಯಾಗಿ, ಧಾರವಾಡದ 'ಜೀವನ ಶಿಕ್ಷಣ'ವಾಗಿ ಬೆಳೆಯಿತು. ತೀರ ಈಚಿನ ಉದಾಹರಣೆ ಬೇಕಾದರೆ ನಲಿ-ಕಲಿಯದು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಗಳ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿಯ ಕಲಿಕಾ ಕಾರ್ಡುಗಳನ್ನು ನೋಡಿ ಬಂದರು. ಅವರು ಅವನ್ನು ಹಾಗೆಯೇ ಅನುವಾದಿಸಲಿಲ್ಲ. ತಮ್ಮ ಮಕ್ಕಳಿಗೆ ತಕ್ಕಂತೆ ಕುಳಿತು ಹೊಸದಾಗಿ ಬರೆದರು. ಆ ಪದ್ಧತಿ ಆನಂತರ ರಾಜ್ಯಕ್ಕೆಲ್ಲ ಹಬ್ಬಿತು. ಇನ್ನೊಬ್ಬರದನ್ನು ನೋಡುವುದು ಹೀಗೆ. ರಾಜ್ಯದ ಶಿಕ್ಷಣ ಸಂಶೋಧನಾ ಇಲಾಖೆ ಮತ್ತು 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ 2010ರ ದಶಕದಲ್ಲಿ ಕಟ್ಟಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣದ ಗುಣವೂ ಇದೇ: ಅಲ್ಲಿಯ ಪಾಠವನ್ನು ಶಿಕ್ಷಕರು ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ತಿದ್ದುವ ಈ ಹಕ್ಕನ್ನು ನಮ್ಮ ಶಿಕ್ಷಕರು ಇನ್ನಷ್ಟು ಧೈರ್ಯದಿಂದ ಚಲಾಯಿಸಬೇಕೆಂಬುದು ನನ್ನ ಆಸೆ.

ನಾಲತವಾಡದ ಆ ಶಿಕ್ಷಕಿಯ ಕಡೆಗೆ ಬರುತ್ತೇನೆ. ಅಂದು ಪಾಠ ಮುಗಿದ ಮೇಲೆ ಗೊಬ್ಬರದ ಪ್ರಶ್ನೆಯ ವಿಷಯ ತೆಗೆದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಹೌದ್ರಿ ಫಾದರ್, ನಾ ನಿಲ್ಲಸಬೇಕಾಗಿತ್ತು" ಎಂದರು. ಮರುದಿನವೇ ಮಕ್ಕಳಿಂದ ತೆಂಗಿನ ಚಿಪ್ಪುಗಳನ್ನು ತರಿಸಿ, ಒದ್ದೆ ಅರಿವೆಯಲ್ಲಿ ತೊಗರಿ, ಕಡಲೆ, ಜೋಳದ ಕಾಳುಗಳನ್ನಿಡಿಸಿದರು. ದಿನಕ್ಕೊಂದು ಚಿತ್ರ ಬರೆಯಬೇಕು, ಒಂದು ಸಾಲು ಬರೆಯಬೇಕು; ಮನೆಯ ಮಾತಿನಲ್ಲಿ ಬರೆದರೂ ಸೈ. ಎಂಟನೆಯ ದಿನ ಅದೇ ವಿಡಿಯೋವನ್ನು ಮತ್ತೆ ಹಾಕಿದರು. ಈ ಸಲ ಒಂದೊಂದು ಹಂತದಲ್ಲೂ ನಿಲ್ಲಿಸಿ, 'ನಿಮ್ಮ ಚಿಪ್ಪಿನ್ಯಾಗ ಇದು ಎಷ್ಟನೇ ದಿನಾ?' ಎಂದು ಕೇಳಿದರು. ಒಂದು ನಿಮಿಷದ ವಿಡಿಯೋ ನಲವತ್ತು ನಿಮಿಷ ನಡೆಯಿತು. ಜೋಳದ್ದು ಮಾತ್ರ ಪರದೆಯ ಕಾಳಿನಂತೆ ಎರಡು ದಳ ತೆರೆಯದೆ ಒಂದೇ ಎಲೆಯಾಗಿ ಎದ್ದಿತ್ತು. ಏಕದಳ, ದ್ವಿದಳಗಳ ಪಾಠ ತಾನಾಗಿ ಬಂತು. ಒಬ್ಬಳ ಕಾಳು ಕೊಳೆತು ನಾರುತ್ತಿತ್ತು. ಕೊಳೆತ ಕಾಳು ವಿಡಿಯೋದಲ್ಲಿ ಏಕಿಲ್ಲ ಎಂದು ಆಕೆ ಕೇಳಿದಳು. ನೀರು ಹೆಚ್ಚಾದರೆ ಬೀಜಕ್ಕೆ ಉಸಿರು ಕಟ್ಟುತ್ತದೆಂಬ ಸಂಗತಿ ಹೊರಬಿದ್ದದ್ದು ಆ ಹಾಳಾದ ಚಿಪ್ಪಿನಿಂದ. ಇದನ್ನೆಲ್ಲ ಬರೆದು ಬ್ಲಾಗಿಗೆ ಹಾಕಿರೆಂದು ನಾನು ಒತ್ತಾಯಿಸಿದೆ. "ಮೊದಲ ದಿನದ್ದೂ ಬರೀಬೇಕಲ್ರಿ?" ಎಂದು ಅವರು ನಕ್ಕರು. ಬರೆದರೋ ಇಲ್ಲವೋ, ನಾನು ಮತ್ತೆ ಕೇಳಲಿಲ್ಲ.

ಆ ತರಗತಿಯ ಒಬ್ಬ ಹುಡುಗಿ ದಸರೆಯ ನಂತರ ತಂದೆತಾಯಿಯೊಡನೆ ಗೋವೆಗೆ ಹೋಗಿದ್ದಳು. ಮಳೆ ಕೈಕೊಟ್ಟರೆ ಈ ಭಾಗದ ಕುಟುಂಬಗಳು ದುಡಿಯಲು ಗೋವಾ, ಪುಣೆ, ಬೆಂಗಳೂರಿಗೆ ಗುಳೆ ಹೋಗುವುದು ನಮಗೆ ಹೊಸ ಸುದ್ದಿಯಲ್ಲ. ಮಕ್ಕಳ ಶಾಲೆ ಅಲ್ಲಿಗೆ ಮುರಿಯುತ್ತದೆ. ಶಿಕ್ಷಕಿ ಆಕೆಯ ತಂದೆಯ ಮೊಬೈಲಿಗೆ ಭಿನ್ನರಾಶಿಯ ಮೂರು ವಿಡಿಯೋಗಳನ್ನು ಕಳುಹಿಸಿದ್ದರು. ಕಟ್ಟಡದ ಕೆಲಸ ಮುಗಿಸಿ ತಂದೆ ಬಂದ ಮೇಲೆ, ರಾತ್ರಿ ಶೆಡ್ಡಿನಲ್ಲಿ ಹುಡುಗಿ ಅವನ್ನು ನೋಡುತ್ತಿದ್ದಳಂತೆ. ಇಂಥ ಪಾಠಗಳ ಬಗ್ಗೆ ನನಗಿದ್ದ ಗುಮಾನಿಯನ್ನು ಅರ್ಧ ಕಳೆದವಳು ಅವಳು. ಸಂಕ್ರಾಂತಿಯ ನಂತರ ಶಾಲೆಗೆ ಮರಳಿದಾಗ, ಊರಲ್ಲೇ ಇದ್ದು ಕಲಿತ ಎಷ್ಟೋ ಮಕ್ಕಳಿಗ��ಂತ ಚೆನ್ನಾಗಿ ಅರ್ಧ, ಕಾಲು, ಮುಕ್ಕಾಲುಗಳನ್ನು ಹೇಳುತ್ತಿದ್ದಳು. ಎಷ್ಟು ಸಲ ನೋಡಿದೆಯಮ್ಮಾ ಎಂದು ಕೇಳಿದೆ. "ತಿಳಿಯೂ ಮಟಾ ನೋಡೀನ್ರಿ. ತಿಳೀಲಿಲ್ಲಂದ್ರ ನಿಲ್ಲಸ್ತಿದ್ದೆ, ಮತ್ತ ಹಿಂದ ಒಯ್ತಿದ್ದೆ."

ಆ ವಾರ ತರಗತಿಯಲ್ಲಿ ಭಿನ್ನರಾಶಿಯ ಪುನರಾವರ್ತನೆಯಿತ್ತು, ನಾನೂ ಹೋಗಿದ್ದೆ. ಆ ಮೂರರಲ್ಲೇ ಒಂದು ವಿಡಿಯೋ ಟಿ.ವಿ.ಯ ಮೇಲೆ ಓಡುತ್ತಿತ್ತು. ದುಂಡನೆಯ ಪಿಜ್ಜಾ ಒಂದು ಸರಸರನೆ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಹುಡುಗಿ ಕೈಯೆತ್ತಿದಳು.

"ನಿಲ್ಲಸ್ರೀ ಅಕ್ಕೋರ."

ಶಿಕ್ಷಕಿ ನಿಲ್ಲಿಸಿದರು. ಹುಡುಗಿ ತನ್ನ ಬುತ್ತಿಯ ಗಂಟಿನಿಂದ ಒಣಗಿದ ಜೋಳದ ರೊಟ್ಟಿಯೊಂದನ್ನು ತೆಗೆದು, ಎರಡು ಕೈಯಲ್ಲೂ ಹಿಡಿದು ಮುರಿದಳು. ಒಂದು ತುಂಡು ದೊಡ್ಡದಾಯಿತು, ಒಂದು ಚಿಕ್ಕದಾಯಿತು. ಒಂದಿಷ್ಟು ಪುಡಿ ನೆಲಕ್ಕೆ ಬಿತ್ತು.

"ಗೋವಾದಾಗಿಂದ ಕೇಳಬೇಕಂತ ಇಟಗೊಂಡೀನ್ರಿ. ಅದರಾಗ ಯಾವಾಗ್ಲೂ ಸಮಾ ತುಂಡ ಆಕ್ಕೈತಿ. ರೊಟ್ಟಿ ಸಮಾ ಮುರಿಯಂಗಿಲ್ರಿ. ಹಂಗಾದ್ರ ಇದಕ್ಕ ಅರ್ಧ ಅನ್ನಬೇಕೋ, ಅನಬಾರದೋ?"

ಯಾರೂ ನಗಲಿಲ್ಲ. ಎರಡು ತುಂಡಾದ ಮಾತ್ರಕ್ಕೆ ಅರ್ಧವಾಗುತ್ತದೆಂದು ಒಬ್ಬ, ಇಲ್ಲವೆಂದು ಇನ್ನೊಬ್ಬ. ಗೊಬ್ಬರದ ಪ್ರಶ್ನೆ ಕೇಳಿದ್ದ ಹುಡುಗ ಎದ್ದು, ತೂಗಿ ನೋಡೋಣವೆಂದ. ಕೆಳಗೆ ಬಿದ್ದ ಪುಡಿ ಯಾರ ಪಾಲಿಗೆ ಎಂಬ ಜಗಳ ಹುಟ್ಟಿತು. ಶಿಕ್ಷಕಿ ಒಂದು ಕಡ್ಡಿ, ಎರಡು ಕಾಗದದ ಲೋಟ, ದಾರ ಹುಡುಕತೊಡಗಿದರು. ಮಕ್ಕಳು ಬೆಂಚುಗಳನ್ನು ಬಿಟ್ಟು ಅವರ ಮೇಜಿನ ಸುತ್ತ ಸೇರಿದರು. ಟಿ.ವಿ.ಯ ಮೇಲೆ ಪಿಜ್ಜಾ ನಿಂತಲ್ಲೇ ನಿಂತಿತ್ತು. ಗಂಟೆ ಬಾರಿಸಿದಾಗಲೂ ಅವರಿನ್ನೂ ರೊಟ್ಟಿಯನ್ನು ತೂಗುತ್ತಲೇ ಇದ್ದರು.